ಒಂಬೈನೂರ ಹನ್ನೆರಡು ಹೆಸರು, ಒಂದು ಗಂಟಲು

ಬೆಳಗಿನ ಐದು ಗಂಟೆ. ಬೊನ್ಸುಕ್ರೊಮ್ ಊರಿನ ವ್ಯಾನ್ ನಿಲ್ದಾಣದಲ್ಲಿ ಇನ್ನೂ ಮುಖ ಗುರುತು ಹತ್ತದಷ್ಟು ಮಬ್ಬು. ಕುಮಾಸಿ ನಗರಕ್ಕೆ ಹೊರಡುವ ಮೊದಲ ಟ್ರೊಟ್ರೊ ವ್ಯಾನು ಎಂಜಿನ್ ಬಿಸಿ ಮಾಡಿಕೊಳ್ಳುತ್ತಿದೆ. ಅದರ ಪಕ್ಕದಲ್ಲೇ ಮೂರು ಕಲ್ಲಿನ ಒಲೆ, ಒಲೆಯ ಮೇಲೆ ದೊಡ್ಡ ಅಲ್ಯೂಮಿನಿಯಂ ಹಂಡೆ, ಹಂಡೆಯಲ್ಲಿ ಕುದಿಯುತ್ತಿರುವ ಮೆಕ್ಕೆಜೋಳದ ಹುಳಿಗಂಜಿ. ಹಂಡೆಯ ಹಿಂದೆ ಗಿಡ್ಡ ಸ್ಟೂಲಿನ ಮೇಲೆ ಕೂತವರು ಯಾ ಡುಫಿಯೆ. ವಯಸ್ಸು ಐವತ್ತೇಳು. ಊರಿಗೆಲ್ಲ ಅವರು ‘ಮಾಮೆ’, ಅಂದರೆ ಅಮ್ಮ. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಅವರ ದನಿ ನಿಲ್ದಾಣದ ಆ ತುದಿಯ ಟೈರ್ ಅಂಗಡಿಯಲ್ಲಿ ಮಲಗಿದವರನ್ನೂ ಎಬ್ಬಿಸಿರುತ್ತಿತ್ತು. ಈ ಗುರುವಾರ ಅವರು ಬಾಯಿ ಬಿಡುತ್ತಿಲ್ಲ.

ಸಕ್ಕರೆ ಎಷ್ಟು ಚಮಚ ಎಂದು ಬೆರಳಲ್ಲಿ ಕೇಳುತ್ತಾರೆ. ಶೇಂಗಾ ಉದುರಿಸಲಾ ಎಂದು ಹುಬ್ಬಲ್ಲಿ ಕೇಳುತ್ತಾರೆ. ಅಲಸಂದೆ ವಡೆ ಮುಗಿದಿದೆ ಎಂದು ಖಾಲಿ ಬುಟ್ಟಿಯನ್ನೇ ಎತ್ತಿ ತೋರಿಸುತ್ತಾರೆ. ಸಾಲಿನಲ್ಲಿ ನಿಂತ ಡ್ರೈವರ್‌ಗಳಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇಕಿಲ್ಲ.

"ಏನ್ ಮಾಮೆ, ರೇಡಿಯೊ ಬ್ಯಾಟ್ರಿ ಹೋಯ್ತಾ?" ಎಂದು ಕೇಳುವವರು ಅಸಿಯಾಮಾ. ಇಪ್ಪತ್ತೆರಡು ವರ್ಷದಿಂದ ಇದೇ ದಾರಿಯಲ್ಲಿ ಟ್ರೊಟ್ರೊ ಓಡಿಸುವ, ಇದೇ ಹಂಡೆಯ ಗಂಜಿ ಕುಡಿಯುವ ಮನುಷ್ಯ. "ಈ ನಿಲ್ದಾಣದಲ್ಲಿ ಹಕ್ಕಿ ಕೂಗೋದು ನನಗೆ ಕೇಳ್ಸಿದ್ದು ಇವತ್ತೇ ಮೊದ್ಲು ಕಣ್ರೋ. ಹಕ್ಕಿ ಇದಾವೆ ಅಂತ್ಲೇ ಗೊತ್ತಿರ್ಲಿಲ್ಲ."

ಸಾಲು ನಗುತ್ತದೆ. ಮಾಮೆ ಸೋರೆಬುರುಡೆಯ ಸೌಟು ಎತ್ತಿ ಹೊಡೆಯುವಂತೆ ಮಾಡುತ್ತಾರೆ.

"ಸರಿ, ಸರಿ. ಪುಸ್ತಕದಲ್ಲಿ ನನ್ನ ಹೆಸ್ರು ಇದೆಯೋ, ಮೇಕೆ ತಿಂತೋ? ಅಷ್ಟು ಹೇಳಿ ಸಾಕು."

ಅವರು ಉತ್ತರವಾಗಿ ಸ್ಟೂಲಿನ ಕೆಳಗಿಂದ ಒಂದು ಪೊಟ್ಟಣ ಎಳೆದು ಅದರ ಮೇಲೆ ಎರಡು ಸಲ ಕೈಬಡಿಯುತ್ತಾರೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ನಾಲ್ಕು ಶಾಲೆಯ ನೋಟುಪುಸ್ತಕಗಳು. ಅವುಗಳಲ್ಲಿ ಒಂಬೈನೂರ ಹನ್ನೆರಡು ಹೆಸರುಗಳಿವೆ. ಇವತ್ತು ಸಂಜೆ ನಾಲ್ಕಕ್ಕೆ, ಕೋಕೊ ಬೀಜ ಖರೀದಿಸುವ ಗೋದಾಮಿನ ಮುಂದೆ ನಿಂತು, ಅಷ್ಟೂ ಹೆಸರನ್ನು ಮೈಕಿಲ್ಲದೆ ಒಂದೇ ಪಟ್ಟಿನಲ್ಲಿ ಅವರು ಕೂಗಬೇಕು. ಗಂಟಲು ಉಳಿಸಿಕೊಳ್ಳಲು ನಿನ್ನೆಯಿಂದ ಮೌನ. ಈ ಬರಹಕ್ಕೆ ಬೇಕಾದ ಮಾತನ್ನೆಲ್ಲ ಮಂಗಳವಾರ ಸಂಜೆ, ನೆನೆದ ಜೋಳವನ್ನು ಗಿರಣಿಗೆ ಹಾಕಿಸುತ್ತ, ಅವರು ಆಡಿ ಮುಗಿಸಿದ್ದಾರೆ.

ಆ ಒಂಬೈನೂರ ಹನ್ನೆರಡು ಜನ ಸೇರಿ ಒಂದು ಸಿನಿಮಾ ಮಾಡಿದ್ದಾರೆ. ಹೆಸರು ‘ಅಮ್ಮನ ಶನಿವಾರ’. ಒಂದು ಗಂಟೆ ಮೂವತ್ತೆಂಟು ನಿಮಿಷದ್ದು. ಮಾತು ಬಿಟ್ಟ ಇಬ್ಬರು ಅಕ್ಕತಂಗಿಯರು ತಾಯಿಯ ಶವಸಂಸ್ಕಾರದ ಹೊತ್ತಿಗೆ ಎದುರುಬದುರಾಗುವ ಕಥೆ. ಬರೆದು ನಿರ್ದೇಶಿಸಿದವರು ಸಾರ್ಫೊ, ಊರಿನ ಮಾಧ್ಯಮಿಕ ಶಾಲೆಯ ಗಣಿತದ ಮೇಷ್ಟ್ರು, ಬಿಡುವಿನಲ್ಲಿ ಮದುವೆ ವೀಡಿಯೊ ತೆಗೆಯುವವರು. ನಿರ್ಮಾಪಕ ಎಂಬ ಪ್ರಾಣಿ ಇಲ್ಲಿ ಇರಲಿಲ್ಲ. ನಟಿಸಿದವರಿಗೂ ದೀಪ ಹಿಡಿದವರಿಗೂ ಸಂಬಳವಿಲ್ಲ. ಶನಿವಾರ ಊರೂರಲ್ಲಿ ಶವಸಂಸ್ಕಾರ, ಭಾನುವಾರ ಚರ್ಚು, ಉಳಿದ ದಿನ ಹೊಲ. ಹಾಗಾಗಿ ಸಿಕ್ಕಿದ್ದು ಗುರುವಾರ ಮಾತ್ರ. ಗುರುವಾರ ಭೂಮಿತಾಯಿಯ ದಿನ, ಅವತ್ತು ಯಾರೂ ಮಣ್ಣಿಗೆ ಗುದ್ದಲಿ ಹಾಕುವಂತಿಲ್ಲ. ಹೊಲಕ್ಕೆ ಹೋಗದ ಊರು ನಲವತ್ತೊಂದು ಗುರುವಾರ ಕ್ಯಾಮೆರಾ ಮುಂದೆ ನಿಂತಿತು. ಆ ನಲವತ್ತೊಂದು ಗುರುವಾರವೂ ಮೂವತ್ತೈದು ಬಟ್ಟಲು ಗಂಜಿ ಮಾಮೆಯ ಹಂಡೆಯಿಂದ ಪುಕ್ಕಟೆ ಹೋಗಿದೆ.

ಗಂಜಿ ಅವರ ಹೊಟ್ಟೆಪಾಡು. ಅವರ ಕಸುಬು ಬೇರೆಯೇ. ಅವರು ಹೆಸರು ಕೂಗುವವರು.

ಅಪ್ಪ ಊರ ಒಡೆಯರಿಗೆ ಡಂಗುರ ಹೊಡೆಯುತ್ತಿದ್ದರು. ಹೆಣ್ಣುಮಕ್ಕಳ ಕೈಗೆ ಡಂಗುರ ಕೊಡುವ ಪದ್ಧತಿ ಇಲ್ಲ. ಆದರೆ ಗಂಟಲು ಕೊಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ಸೋದರಮಾವನ ಶವಸಂಸ್ಕಾರದ ದಿನ, ಬಂದವರು ಕೊಡುವ ದುಡ್ಡು ಬರೆದುಕೊಂಡು ಹೆಸರು ಕೂಗಲು ಕಾಣಿಕೆಯ ಮೇಜಿನಲ್ಲಿ ಕೂತಿದ್ದ ಗುಮಾಸ್ತನಿಗೆ ಕೆಮ್ಮು ಹತ್ತಿತು. ಬಂದವರು ಸಾಲುಗಟ್ಟಿದ್ದರು. ಹುಡುಗಿ ಯಾ ಡುಫಿಯೆ ಎದ್ದು ನಿಂತು ಅವರ ಹೆಸರು ಕೂಗಿದಳು. ಅಲ್ಲಿಂದ ಮೂವತ್ತೆಂಟು ವರ್ಷ, ಸುತ್ತಲ ಹನ್ನೊಂದು ಊರಿನಲ್ಲಿ ಸಾವಾದರೆ ಶವಪೆಟ್ಟಿಗೆಯವನಿಗೆ ಹೇಳಿಕಳಿಸಿದ ಮೇಲೆ ಹೇಳಿಕಳಿಸುವುದು ಇವರಿಗೇ.

"ದುಡ್ಡು ತಂದು ಮೇಜಿನ ಮೇಲಿಟ್ರೆ ಮುಗೀಲಿಲ್ಲ," ಎನ್ನುತ್ತಾರೆ ಅವರು. "ನಾನು ಹೆಸ್ರು ಕೂಗ್ಬೇಕು. ಕೂಗಿದ್ರೇನೇ ಅದು ಮುಟ್ಟಿದ ಹಾಗೆ. ಇಂಥೋರು, ಇಂಥ ಊರಿಂದ, ಇಷ್ಟು ತಂದ್ರು, ನಿಮ್ಮ ಕೈ ಕಂಡ್ವಿ ಅಂತ. ಕೂಗ್ದೇ ಇದ್ರೆ ಆ ಮನುಷ್ಯ ಬಂದೇ ಇಲ್ಲ. ಮನೆಗೆ ಹೋಗಿ ನಿದ್ದೆ ಮಾಡಲ್ಲ ಅವ್ನು."

ಕೂಗುವುದರಲ್ಲಿ ಒಂದು ಹದವಿದೆ. ಬರೀ ಜೋರು ಗಂಟಲಾದರೆ ಸಾಲದು. ಹೆಸರು ಹೇಳಿದ ಮೇಲೆ ಒಂದು ಉಸಿರು ಸುಮ್ಮನಿರಬೇಕು, ಆಮೇಲೆ ಊರು, ಆಮೇಲೆ ಕಾಣಿಕೆ. "ಆ ಒಂದು ಉಸಿರಲ್ಲಿ ಅವ್ರು ಬೆನ್ನು ನೆಟ್ಟಗೆ ಮಾಡ್ಕೋತಾರೆ. ಪಕ್ಕದೋರು ತಿರುಗಿ ನೋಡ್ತಾರೆ. ಅದಕ್ಕೆ ಟೈಮ್ ಬೇಡ್ವಾ? ಈಗಿನ ಹುಡುಗ್ರು ಗಾಡಿ ಓಡಿಸ್ದಂಗೆ ಓದ್ತಾರೆ, ಯಾರಿಗೆ ಬೇಕು ಅದು?"

ಸಿನಿಮಾಕ್ಕೂ ಅವರಿಗೂ ನಂಟು ಬೆಳೆದದ್ದು ಒಂದು ಹಾಲಿನ ಡಬ್ಬಿಯಿಂದ. ಕಳೆದ ವರ್ಷ ಕೋಕೊ ಕೊಯ್ಲು ಮುಗಿದ ಮೇಲೆ ಸಾರ್ಫೊ ಮೇಷ್ಟ್ರು ಡಬ್ಬಿಯ ಮುಚ್ಚಳಕ್ಕೆ ತೂತು ಕೊರೆದು, ‘ನಮ್ಮೂರ ಚಿತ್ರಕ್ಕೆ ಸಹಾಯ ಮಾಡಿ’ ಎಂದು ಬರೆದು, ನಿಲ್ದಾಣದಲ್ಲಿ ಮೂರು ಬೆಳಗ್ಗೆ ನಿಂತರು. ಡಬ್ಬಿಯಲ್ಲಿ ಹೆಚ್ಚು ಸದ್ದಾಗಲಿಲ್ಲ. ಮೂರನೇ ದಿನ ಮಾಮೆಗೆ ನೋಡಿ ನೋಡಿ ಸಾಕಾಯಿತು.

"ಮೇಷ್ಟ್ರೇ, ಇಲ್ಲಿ ಬನ್ನಿ," ಎಂದು ಕರೆದರಂತೆ. "ತೂತಿಗೆ ಹಾಕಿದ ದುಡ್ಡು ಯಾರಿಗ್ರೀ ಕಾಣತ್ತೆ? ಕದ್ದುಮುಚ್ಚಿ ಕೊಡೋಕೆ ಅದೇನು ಲಂಚಾನಾ?"

"ಮತ್ತೇನು ಮಾಡ್ಲಿ ಮಾಮೆ?"

"ಆ ಮುಚ್ಚಳ ಬಿಸಾಕಿ. ನನ್ನ ಪಕ್ಕ ಕೂತ್ಕೊಳ್ಳಿ. ಬರ್ಕೊಳ್ಳಿ."

ಸಾಲಿನಲ್ಲಿ ಮೊದಲು ನಿಂತಿದ್ದವರು ಅಸಿಯಾಮಾ. ಐದು ಸೆಡಿಯ ಒಂದು ನೋಟು ಕೊಟ್ಟರು. ಸಿನಿಮಾದ ಮೇಲೆ ಪ್ರೀತಿಯೇನಲ್ಲ, ಬದುಕಿರುವಾಗಲೇ, ಯಾರೂ ಸಾಯದೆಯೇ, ತನ್ನ ಹೆಸರು ಹೇಗೆ ಕೇಳಿಸುತ್ತದೆ ಎಂಬ ಕುತೂಹಲ. ಮಾಮೆ ಕೂಗಿದರು. ನಿಲ್ದಾಣ ತಿರುಗಿ ನೋಡಿತು. ಅಸಿಯಾಮಾ ಇನ್ನೂ ಐದು ಸೆಡಿ ಕೊಟ್ಟು, "ಇದು ನನ್ನ ಹೆಂಡ್ತಿ ಹೆಸ್ರಲ್ಲಿ, ಸ್ವಲ್ಪ ಮೆತ್ತಗೆ ಕೂಗಿ" ಎಂದರು. ಅವತ್ತು ಬೆಳಗ್ಗೆ ಹಂಡೆ ತಳ ಕಾಣುವಷ್ಟರಲ್ಲಿ ಮೂವತ್ತೊಂದು ಹೆಸರಾಗಿತ್ತು.

ಮೊದಲ ದಿನವೇ ಮಾಮೆ ಎಲ್ಲರಿಗೂ ಒಂದು ಮಾತು ಕೊಟ್ಟುಬಿಟ್ಟರು. ಈಗ ಕೂಗುವುದು ಸಾಲಿನಲ್ಲಿ ನಿಂತವರಿಗಷ್ಟೇ, ಚಿತ್ರ ತೋರಿಸುವ ದಿನ ಊರಿನೆದುರು ಎಲ್ಲರ ಹೆಸರನ್ನೂ ಪೂರ್ತಿಯಾಗಿ ಕೂಗುತ್ತೇನೆ ಎಂದು. ಆ ಮಾತು ಮುಂದೆ ಎಷ್ಟು ಭಾರವಾಗಲಿದೆ ಎಂಬುದು ಆಗ ಅವರಿಗೂ ತಿಳಿದಿರಲಿಲ್ಲ.

ದುಡ್ಡಿಲ್ಲದವರು ಬೇರೆ ಏನೋ ತಂದರು. ಒಬ್ಬರು ಮೊಟ್ಟೆ, ಒಬ್ಬರು ಒಂದೇ ಬಾಗಿಲಿರುವ ಕಾರು, ಬಡಗಿ ಒಂದು ಹೊಸ ಶವಪೆಟ್ಟಿಗೆ. ಗೀರು ಬೀಳದಂತೆ ವಾಪಸ್ ಕೊಡಬೇಕು ಎಂಬುದು ಅವನ ಷರತ್ತು. ಶಾಮಿಯಾನದವನು ಶಾಮಿಯಾನ ಕೊಟ್ಟ. ಎಲ್ಲರ ಹೆಸರೂ ಪುಸ್ತಕ ಸೇರಿತು. ಒಮ್ಮೆ ಸಾರ್ಫೊ ‘ಯಾ ಡುಫಿಯೆ, ಪ್ರತಿ ಗುರುವಾರ ಗಂಜಿ’ ಎಂದು ಬರೆದರು. ಮಾಮೆ ಪೆನ್ನು ಕಿತ್ತುಕೊಂಡು ಅದನ್ನು ಹೊಡೆದುಹಾಕಿದರು. "ಕೂಗೋಳು ತನ್ನ ಹೆಸ್ರು ತಾನೇ ಕೂಗ್ಕೊಂಡ್ರೆ ಜನ ನಗಲ್ವಾ? ನಮ್ಮ ಕಸುಬಲ್ಲಿ ಅದಿಲ್ಲ." ಆ ಗೆರೆ ಎರಡನೇ ಪುಸ್ತಕದಲ್ಲಿ ಇವತ್ತಿಗೂ ಹಾಗೇ ಇದೆ.

ಇಷ್ಟರ ನಡುವೆ ಅವರ ಗಂಟಲೇ ಅವರಿಗೆ ಕೈಕೊಡುತ್ತಿತ್ತು. ಎರಡು ವರ್ಷದ ಹಿಂದೆ ದನಿ ಒಡೆಯತೊಡಗಿತು. ಕುಮಾಸಿಯ ಡಾಕ್ಟರು ಬಾಯೊಳಗೆ ಕನ್ನಡಿ ಇಟ್ಟು ನೋಡಿ, ದನಿಯ ತಂತುವಿನ ಮೇಲೆ ಜೋಳದ ನುಚ್ಚಿನಷ್ಟು ಗಂಟು ಎದ್ದಿದೆ, ಇನ್ನು ಕೂಗಬೇಡಿ ಎಂದರು. ಶನಿವಾರಗಳಿಗೆ ಮೈಕು ಬಂತು. ಮೈಕಿನ ಮೇಲೆ ಮಾಮೆಗೆ ಅಷ್ಟಕ್ಕಷ್ಟೆ. "ಅದು ಎಲ್ಲರ ಹೆಸ್ರನ್ನೂ ಒಂದೇ ಥರ ಮಾಡ್ಬಿಡತ್ತೆ," ಎನ್ನುತ್ತಾರೆ.

ಇನ್ನು ಆ ಶನಿವಾರದ ಕಥೆ. ಬೊನ್ಸುಕ್ರೊಮ್‌ನಲ್ಲಿ ಅದನ್ನು ಹೇಳುವಾಗ ಇವತ್ತಿಗೂ ಅರ್ಧ ಜನ ನಗುತ್ತಾರೆ, ಅರ್ಧ ಜನ ತಲೆ ತಗ್ಗಿಸುತ್ತಾರೆ.

ಶವಸಂಸ್ಕಾರದ ದೃಶ್ಯವನ್ನು ಮಾತ್ರ ಶನಿವಾರವೇ ತೆಗೆಯಬೇಕೆಂದು ಸಾರ್ಫೊ ಹಟ ಹಿಡಿದರು. ಹಿಂದಿನ ರಸ್ತೆಯಲ್ಲಿ ಕಪ್ಪು ಕೆಂಪು ಬಟ್ಟೆಯ ಜನ ತುಂಬಿದ ಬಸ್ಸುಗಳು ಹೋಗುತ್ತಿರಬೇಕು, ಅದು ಶನಿವಾರವಷ್ಟೇ ಸಿಗುವುದು. ಕೋಕೊ ಗೋದಾಮಿನ ಪಕ್ಕ ಶಾಮಿಯಾನ ಎದ್ದಿತು, ಕುರ್ಚಿ ಬಂತು, ಡೋಲಿನವರು ಬಂದರು, ಬಡಗಿಯ ಪೆಟ್ಟಿಗೆ ಬಂತು. ಅರವತ್ತು ಜನ ತಮ್ಮ ತಮ್ಮ ಸೂತಕದ ಬಟ್ಟೆ ಸುತ್ತಿಕೊಂಡು ಬಂದು ಅಳಲು ಕೂತರು. ಕಾಣಿಕೆಯ ಮೇಜಿನಲ್ಲಿ ಯಾ ಡುಫಿಯೆ. ಅವರ ಪಾತ್ರವೂ ಹೆಸರು ಕೂಗುವವಳದ್ದೇ. ಮೇಷ್ಟ್ರು ಸುಳ್ಳು ಹೆಸರುಗಳ ಒಂದು ಚೀಟಿ ಬರೆದುಕೊಟ್ಟಿದ್ದರು. ಕ್ಯಾಮೆರಾ ಶುರುವಾಯಿತು.

ಆಗ ರಸ್ತೆಯಲ್ಲಿ ಹೋಗುತ್ತಿದ್ದ ಒಂದು ಬಸ್ಸು ನಿಂತಿತು. ತೆಪ್ರಾಸೊ ಎಂಬ ದೂರದ ಊರಿನವರು, ಇಪ್ಪತ್ತಮೂರು ಜನ. ನಾಲ್ಕು ಕಿಲೊಮೀಟರ್ ಮುಂದಿನ ಊರಿನ ಶವಸಂಸ್ಕಾರಕ್ಕೆ ಹೊರಟಿದ್ದವರು. ‘ಗೋದಾಮು ದಾಟಿದ ಮೇಲೆ ಶಾಮಿಯಾನ ಕಾಣತ್ತೆ’ ಎಂದು ಯಾರೋ ದಾರಿ ಹೇಳಿದ್ದರು. ಗೋದಾಮು ಕಂಡಿತು, ಶಾಮಿಯಾನವೂ ಕಂಡಿತು. ಇಳಿದರು. ಹಿರಿಯರಾದ ಬೊಆಡಿ ಮುಂದೆ, ಉಳಿದವರು ಹಿಂದೆ, ಬಲಗಡೆಯಿಂದ ಸಾಲು ಹಿಡಿದು ಕೂತವರಿಗೆಲ್ಲ ಕೈಕುಲುಕುತ್ತ ಬಂದರು. ಕೂತವರು ಏನು ಮಾಡಿಯಾರು? ಚಾಚಿದ ಕೈಯನ್ನು ಬೇಡ ಎನ್ನಲಾಗುತ್ತದೆಯೇ? ಅಳುತ್ತಲೇ ಕೈಕೊಟ್ಟರು. ಯಾರೋ ಹೊಸ ಸ್ವಯಂಸೇವಕರು, ಎಷ್ಟು ಚೆನ್ನಾಗಿ ಮಾಡುತ್ತಿದ್ದಾರೆ ಎಂದುಕೊಂಡು ಸಾರ್ಫೊ ಕ್ಯಾಮೆರಾ ನಿಲ್ಲಿಸಲಿಲ್ಲ.

ಬೊಆಡಿ ಮೇಜಿನ ಬಳಿ ಬಂದು ದುಡ್ಡಿಟ್ಟು ಹೆಸರು ಹೇಳಿದರು. ಮಾಮೆಯ ಎಡಗೈಯಲ್ಲಿ ಸುಳ್ಳು ಹೆಸರಿನ ಚೀಟಿ ಇತ್ತು. "ಬಾಯಿ ನನ್ನ ಕೇಳ್ಲೇ ಇಲ್ಲ," ಎನ್ನುತ್ತಾರೆ ಅವರು. "ಎದುರಿಗೆ ಒಬ್ಬ ಮನುಷ್ಯ ಸೂತಕದ ಬಟ್ಟೇಲಿ ನಿಂತಿದಾನೆ, ದುಡ್ಡಿಟ್ಟಿದಾನೆ, ನನ್ನ ಮುಖ ನೋಡ್ತಿದಾನೆ. ಮೂವತ್ತೆಂಟು ವರ್ಷದ ಅಭ್ಯಾಸ. ಕೂಗ್ಬಿಟ್ಟೆ. ಒಬ್ರಾದ್ಮೇಲೆ ಒಬ್ರು, ಇಪ್ಪತ್ತಮೂರೂ ಜನದ್ದು. ಕೊನೇಲಿ ಎನೊ ಪೊಕುವಾ ಅಂತ ಒಬ್ಬ ಅಜ್ಜಿ. ಕೋಲೂರ್ಕೊಂಡು ಬಂದು, ಸೆರಗಿನ ಗಂಟು ಬಿಚ್ಚಿ ಎರಡು ಸೆಡಿ ಇಟ್ರು. ಅವ್ರ ಹೆಸ್ರನ್ನೂ ಕೂಗ್ದೆ."

ಅಷ್ಟರಲ್ಲಿ ಸಾರ್ಫೊ "ಕಟ್!" ಎಂದರು. ಅರವತ್ತು ಜನ ಒಂದೇ ಸಲಕ್ಕೆ ಅಳು ನಿಲ್ಲಿಸಿದರು. ಯಾರೋ ಕುಡಿಯೋ ನೀರು ಎಲ್ಲಿ ಎಂದು ಕೇಳಿದರು. ಡೋಲಿನವನು ಆಕಳಿಸಿದ. ತೆಪ್ರಾಸೊದ ಇಪ್ಪತ್ತಮೂರು ಜನ ನಡುವೆ ನಿಂತು ಸುತ್ತ ನೋಡಿದರು.

"ಸತ್ತೋರು ಯಾರು ಇಲ್ಲಿ?" ಎಂದು ಕೇಳಿದರು ಬೊಆಡಿ.

ಅರವತ್ತು ಜನ ಮೇಷ್ಟ್ರ ಕಡೆ ತಿರುಗಿದರು. ಕೊನೆಗೆ ಮೇಷ್ಟ್ರೇ ಮುಂದೆ ಬಂದು, ಯಾರೂ ಸತ್ತಿಲ್ಲ, ಇದು ಸಿನಿಮಾ ಎಂದರು. ಬೊಆಡಿಯವರ ಮುಖ ಕಪ್ಪಿಟ್ಟಿತು. "ಯಾರೂ ಸಾಯ್ದೇ ಇರೋ ಸಾವಿಗೆ ನಮ್ಮ ಹೆಸ್ರು ಕೂಗಿಸಿದ್ರಾ? ಕೂಗಿದ್ದು ಯಾರು? ಈಕೆ ತಾನೆ?"

ಮಾಮೆ ದುಡ್ಡು ವಾಪಸ್ ಕೊಡಲು ಹೋದರು. ಸೂತಕದ ಮೇಜಿನ ಮೇಲಿಟ್ಟ ದುಡ್ಡನ್ನು ಯಾರು ಮುಟ್ಟುತ್ತಾರೆ? ಇಪ್ಪತ್ತಮೂರು ಜನರೂ ಒಂದು ಹೆಜ್ಜೆ ಹಿಂದೆ ಸರಿದರು. ಆಗ ಮಾತಾಡಿದವರು ಎನೊ ಪೊಕುವಾ ಅಜ್ಜಿ. "ದುಡ್ಡು ಇಟ್ಕೊಳ್ಳಿ ತಾಯಿ, ನಿಮ್ಮ ಸಿನಿಮಾಕ್ಕೇ ಆಗ್ಲಿ. ಆದ್ರೆ ನಮ್ಮ ಹೆಸ್ರು ಹೀಗೆ ಗಾಳೀಲಿ ನೇತಾಡ್ತಾ ಇರೋದು ಬೇಡ. ನಿಮ್ಮ ಸಿನಿಮಾ ದಿನ ಕರ್ದು ಇನ್ನೊಂದ್ಸಲ ಸರಿಯಾಗಿ ಕೂಗಿ. ಆಗ ಇದು ಅಳ್ಸಿಹೋಗತ್ತೆ."

ಮಾಮೆ ಅಜ್ಜಿಯ ಕೈ ಹಿಡಿದು ಮಾತು ಕೊಟ್ಟರು. ಬಸ್ಸು ನಿಜವಾದ ಸಾವಿನ ಮನೆಗೆ ಹೊರಟಿತು. ಆ ದೃಶ್ಯ ಸಿನಿಮಾದಲ್ಲಿ ಹಾಗೇ ಉಳಿದಿದೆ. ಅದರಲ್ಲಿ ಎಲ್ಲರಿಗಿಂತ ಚೆನ್ನಾಗಿ ನಟಿಸಿರುವವರು ನಟಿಸದೆ ಇದ್ದ ಆ ಇಪ್ಪತ್ತಮೂರು ಜನ ಎಂದು ನೋಡಿದವರೆಲ್ಲ ಹೇಳುತ್ತಾರೆ.

ಸಿನಿಮಾ ಮುಗಿಯಿತು. ಅಲ್ಲಿಗೆ ಜಗಳ ಶುರುವಾಯಿತು.

ಸಾರ್ಫೊ ಎಲ್ಲ ಹೆಸರನ್ನೂ ಪರದೆಯ ಮೇಲೆ ಅಕ್ಷರದಲ್ಲಿ ಓಡಿಸಿದ್ದರು. ಕೂಗುವುದು ಬೇಡ ಎಂದರು. ಅವರ ಲೆಕ್ಕವೂ ತಪ್ಪಲ್ಲ. ಮಾಮೆ ನೂರು ಹೆಸರು ಕೂಗಲು ಏಳೂವರೆ ನಿಮಿಷ ತೆಗೆದುಕೊಳ್ಳುತ್ತಾರೆ, ಒಂಬೈನೂರ ಹನ್ನೆರಡಕ್ಕೆ ಒಂದು ಗಂಟೆ ಎಂಟು ನಿಮಿಷ. ಜನರೇಟರು, ಪರದೆ, ಪ್ರೊಜೆಕ್ಟರು ಎಲ್ಲ ಗಂಟೆಯ ಬಾಡಿಗೆಯವು.

"ಅದೂ ಅಲ್ದೆ ಮಾಮೆ, ಸಿನಿಮಾಕ್ಕೆ ಮುಂಚೆ ಹೆಸ್ರು ಕೂಗಿದ್ರೆ ಸಿನಿಮಾನೇ ಸತ್ತೋಯ್ತು ಅಂತಾರೆ ಜನ."

"ನಿಮ್ಮ ಅಕ್ಷರ ಓದೋರು ಯಾರು ಮೇಷ್ಟ್ರೇ? ಇರುವೆ ಹೋದಂಗೆ ಹೋಗತ್ತೆ. ಕಮ್ಮಾರ ಕನ್ನಡಕ ಹಾಕ್ಕೊಳ್ಳೋಷ್ಟರಲ್ಲಿ ಅವ್ನ ಹೆಸ್ರು ಮೇಲೆ ಹತ್ತಿ ಹೋಗಿರತ್ತೆ."

"ನಿಮ್ಮ ಗಂಟ್ಲಿಗೆ ಡಾಕ್ಟ್ರು ಏನ್ ಹೇಳಿದಾರೆ, ನೆನಪಿದೆಯಾ?"

"ನನ್ನ ಗಂಟ್ಲು ನಂದು. ಕೊಟ್ಟ ಮಾತೂ ನಂದೇ. ಗಣಿತ ನಿಮ್ದು, ಅದನ್ನ ನೀವು ನೋಡ್ಕೊಳ್ಳಿ."

ಮೂರು ವಾರ ಇಬ್ಬರೂ ಮಾತಾಡಲಿಲ್ಲ. ಮೇಷ್ಟ್ರು ಬೆಳಗ್ಗೆ ಬಂದು ಸಾಲಿನಲ್ಲಿ ನಿಲ್ಲುವರು, ಮಾಮೆ ಸುರಿಯುವರು, ಮೇಷ್ಟ್ರು ಕುಡಿದು ಬಟ್ಟಲಿಟ್ಟು ಹೋಗುವರು. ಸಕ್ಕರೆ ಮಾತ್ರ ಒಂದು ಚಮಚ ಕಡಿಮೆಯಾಗಿತ್ತು ಎಂದು ಸಾರ್ಫೊ ಈಗ ನಗುತ್ತ ಹೇಳುತ್ತಾರೆ. ಮಾಮೆಗೆ ಆ ದಿನಗಳಲ್ಲಿ ನಿದ್ದೆ ಬರಲಿಲ್ಲ. ಮೂವತ್ತೆಂಟು ವರ್ಷದಲ್ಲಿ ಅವರು ತೆಗೆದುಕೊಂಡ ಹೆಸರು ಒಂದೂ ಕೂಗದೆ ಉಳಿದಿರಲಿಲ್ಲ. ಈಗ ಒಂಬೈನೂರ ಹನ್ನೆರಡು ಉಳಿಯುವ ಹಾಗಿತ್ತು, ಅದರಲ್ಲಿ ಇಪ್ಪತ್ತಮೂರು ಅವರದೇ ತಪ್ಪಿನಿಂದ ಗಾಳಿಯಲ್ಲಿ ನೇತಾಡುತ್ತಿದ್ದವು. ನಾಲ್ಕನೇ ವಾರ ಅವರೇ ಸೌಟು ಹಿಡಿದುಕೊಂಡು ಮೇಷ್ಟ್ರನ್ನು ತಡೆದರು.

"ನಿಮ್ಮ ಜನರೇಟರು ಕತ್ಲಾದ್ಮೇಲೆ ತಾನೆ? ನಾನು ನಾಲ್ಕು ಗಂಟೆಗೆ ಬಿಸ್ಲಲ್ಲೇ ಶುರು ಮಾಡ್ತೀನಿ. ಮೈಕ್ ಬೇಡ. ನನ್ನ ಗಂಟ್ಲಿಗೆ ಪೆಟ್ರೋಲ್ ಹಾಕ್ಬೇಕಾ? ನೀವು ಪರದೆ ಕಟ್ಕೊಳ್ತಾ ಇರಿ, ಜನ ಕುರ್ಚಿ ಹಾಕ್ಕೊಳ್ತಾ ಇರ್ಲಿ. ಶವಸಂಸ್ಕಾರದಲ್ಲಿ ಯಾರು ಕೈಕಟ್ಟಿ ಕೂತು ನನ್ನ ಕೇಳ್ತಾರೆ? ಉಣ್ತಾರೆ, ಕುಣೀತಾರೆ, ಜಗಳ ಆಡ್ತಾರೆ, ನಡುವೆ ನಾನು ಕೂಗ್ತೀನಿ. ಹಂಗೇ ಆಗ್ಲಿ. ರಾಜಧಾನಿ ಅಕ್ರಾದೋರಿಗೆ ಬೇಕಾದ್ರೆ ನಿಮ್ಮ ಇರುವೆ ಅಕ್ಷರ ತೋರ್ಸಿ."

ಮೇಷ್ಟ್ರು ಬಟ್ಟಲು ಮುಂದೆ ಚಾಚಿದರು. ಅವತ್ತು ಸಕ್ಕರೆ ಸರಿಹೋಯಿತು.

ಗುರುವಾರ ನಾಲ್ಕು ಗಂಟೆ. ಮಾಮೆ ಸ್ನಾನ ಮಾಡಿ, ಬಿಳಿ ನೀಲಿ ಬಟ್ಟೆ ಸುತ್ತಿ, ಗೋದಾಮಿನ ಮೆಟ್ಟಿಲ ಮೇಲೆ ನಿಂತಿದ್ದಾರೆ. ಸೂತಕದ ಬಣ್ಣ ಬೇಡವೆಂದು ಮೇಷ್ಟ್ರು ಹೇಳಿದ್ದ ಒಂದು ಮಾತನ್ನು ಕೇಳಿದ್ದಾರೆ. ಪಕ್ಕದಲ್ಲಿ ಶುಂಠಿ ಕುದಿಸಿದ ನೀರಿನ ಫ್ಲಾಸ್ಕು. ಎರಡು ದಿನದ ಮೇಲೆ ಅವರ ಬಾಯಿಂದ ಬರುವ ಮೊದಲ ಮಾತು: "ಕ್ವಾಮೆ ಅಸಿಯಾಮಾ." ಒಂದು ಉಸಿರು. "ಈ ಊರಿನೋರು. ಐದು ಸೆಡಿ. ನಿಮ್ಮ ಕೈ ಕಂಡ್ವಿ." ಆಚೆ ತುದಿಯಲ್ಲಿ ತನ್ನ ವ್ಯಾನಿಗೆ ಒರಗಿದ್ದ ಅಸಿಯಾಮಾ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ.

ಮೊದಲ ಇನ್ನೂರು ಹೆಸರು ಸರಾಗ. ಜನ ಕುರ್ಚಿ ಎಳೆಯುತ್ತಾರೆ, ಹುರಿದ ಬಾಳೆ ತಿನ್ನುತ್ತಾರೆ, ತಮ್ಮ ಹೆಸರು ಬಂದಾಗ ಕೈ ಎತ್ತುತ್ತಾರೆ. ಹೆಸರು ಮುನ್ನೂರು ದಾಟುವಾಗ ದನಿಗೆ ಗೊರಗೊರ ಸೇರುತ್ತದೆ. ಐನೂರರ ಹತ್ತಿರ ತೆಪ್ರಾಸೊದ ಬಸ್ಸು ಬಂದು ನಿಲ್ಲುತ್ತದೆ. ಬೊಆಡಿ ಇಳಿದು, ಎದುರಿಗೆ ಸಿಕ್ಕ ಸಾರ್ಫೊ ಅವರ ಕೈಕುಲುಕಿ, "ಈ ಸಲ ಸತ್ತಿರೋದು ಯಾರು ಮೇಷ್ಟ್ರೇ? ಮೊದ್ಲೇ ಹೇಳ್ಬಿಡಿ" ಎನ್ನುತ್ತಾರೆ. ನಗು ಏಳುತ್ತದೆ. ಅವರ ಹಿಂದೆ ಇಳಿಯುವವರಲ್ಲಿ ಎನೊ ಪೊಕುವಾ ಇಲ್ಲ. ಬದಲಿಗೆ ಅವರ ಮಗಳು ಅಚಿಯಾ, ಕಪ್ಪು ಬಟ್ಟೆಯಲ್ಲಿ.

ಆರುನೂರ ಎಂಬತ್ತರ ಆಸುಪಾಸಿನಲ್ಲಿ ದನಿ ಒಡೆಯುತ್ತದೆ. ಒಂದು ಹೆಸರು ಅರ್ಧ ಬಂದು ನಿಲ್ಲುತ್ತದೆ. ಮಾಮೆ ಶುಂಠಿ ನೀರು ಕುಡಿದು ಮತ್ತೆ ಶುರು ಮಾಡುತ್ತಾರೆ. ಬರುವ ದನಿ ಮುಂದಿನ ಮೂರು ಸಾಲಿಗಷ್ಟೇ ಸಾಕು. ಸಾರ್ಫೊ ಮೈಕು ಹಿಡಿದು ಮೆಟ್ಟಿಲು ಹತ್ತುತ್ತಾರೆ. ಮಾಮೆ ಬೇಡವೆಂದು ತಲೆ ಅಲ್ಲಾಡಿಸುತ್ತಾರೆ.

ಆಗ ಅಸಿಯಾಮಾ ನಡೆದುಹೋಗಿ, ಪರೀಕ್ಷೆಗೆಂದು ಚಾಲೂ ಮಾಡಿದ್ದ ಜನರೇಟರನ್ನು ಆರಿಸುತ್ತಾರೆ. ನಿಲ್ದಾಣದಿಂದ ಹೊರಟಿದ್ದ ಎರಡು ವ್ಯಾನುಗಳ ಕಿಟಕಿ ತಟ್ಟಿ ಎಂಜಿನ್ ನಿಲ್ಲಿಸುತ್ತಾರೆ. ಬಾಳೆ ಹುರಿಯುವವಳು ಬಾಣಲೆ ಇಳಿಸುತ್ತಾಳೆ. ಅಳುವ ಮಗುವನ್ನು ಯಾರೋ ಎತ್ತಿಕೊಂಡು ಆಚೆ ಹೋಗುತ್ತಾರೆ. ಒಬ್ಬೊಬ್ಬರಾಗಿ ಎಲ್ಲರ ಮಾತೂ ನಿಲ್ಲುತ್ತದೆ. ಇಡೀ ಊರು ಸದ್ದಿಲ್ಲದೆ ಕೂರುತ್ತದೆ, ಮತ್ತು ಆ ಸಣ್ಣ ಒರಟು ದನಿ ಕೊನೆಯ ಸಾಲಿನವರೆಗೂ ಹೋಗುತ್ತದೆ. ಇನ್ನೂರ ಮೂವತ್ತಕ್ಕೂ ಹೆಚ್ಚು ಹೆಸರು ಹಾಗೆಯೇ ಹೋದವು.

ತೆಪ್ರಾಸೊದವರ ಹೆಸರನ್ನು ಕೊನೆಗೆ ಇಟ್ಟುಕೊಂಡಿದ್ದರು. ಬೊಆಡಿ ತಮ್ಮ ಹೆಸರಿಗೆ ಎದ್ದು ನಿಂತು ಟೋಪಿ ತೆಗೆದರು. ಒಂಬೈನೂರ ಹನ್ನೆರಡನೆಯದು: "ಎನೊ ಪೊಕುವಾ." ಮಾಮೆ ಎಲ್ಲರಿಗೂ ಕೊಟ್ಟಂತೆ ಒಂದು ಉಸಿರು ಕೊಟ್ಟರು. ಅಜ್ಜಿ ಇದ್ದಿದ್ದರೆ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದ ಜಾಗದಲ್ಲಿ ಮಗಳು ಅಚಿಯಾ ಎದ್ದು ನಿಂತರು. "ತೆಪ್ರಾಸೊದೋರು. ಎರಡು ಸೆಡಿ. ನಿಮ್ಮ ಕೈ ಕಂಡ್ವಿ."

"ಅಮ್ಮ ಹೋಗೋಕೆ ಮುಂಚೆ ಕೇಳಿದ್ದು ಇದೊಂದೇ," ಎನ್ನುತ್ತಾರೆ ಅಚಿಯಾ. "ಅವತ್ತು ಹೋಗಿ ಕೂತ್ಕೊಂಡು ಕೇಳು, ಕೂಗಿದ್ರಾ ಇಲ್ವಾ ನನಗೆ ಹೇಳು ಅಂದ್ರು. ನಾಳೆ ಹೋಗಿ ಅವ್ರ ಮಣ್ಣಿನ ಹತ್ರ ಹೇಳ್ಬೇಕು."

ಆಮೇಲೆ ಜನರೇಟರು ಮತ್ತೆ ಶುರುವಾಯಿತು, ಚಿತ್ರವೂ ಶುರುವಾಯಿತು. ಶವಸಂಸ್ಕಾರದ ದೃಶ್ಯ ಬಂದಾಗ ಜನ ತಮ್ಮ ಮುಖಕ್ಕೂ ನೆರೆಯವರ ಮುಖಕ್ಕೂ ಬೆರಳು ತೋರಿಸಿ ಗದ್ದಲವೆಬ್ಬಿಸಿದರು. ಪರದೆಯ ಮೇಲೆ ಎನೊ ಪೊಕುವಾ ಸೆರಗಿನ ಗಂಟು ಬಿಚ್ಚುವಾಗ ಮಾತ್ರ ಗದ್ದಲ ತಗ್ಗಿತು. ಮಾಮೆ ಅದನ್ನು ನೋಡಲಿಲ್ಲ. ಜೋಳ ನೆನೆಹಾಕಬೇಕಿತ್ತು, ಮನೆಗೆ ಹೋಗಿದ್ದರು.

ಶುಕ್ರವಾರ ಬೆಳಗಿನ ಐದು ಗಂಟೆ. ಹಂಡೆ ಕುದಿಯುತ್ತಿದೆ. ಮಾಮೆಯ ದನಿ ಪಿಸುಮಾತಿನಷ್ಟು ಮಾತ್ರ ಉಳಿದಿದೆ. ಡಾಕ್ಟರ ಬಳಿ ಹೋಗುವುದು ಯಾವಾಗ ಎಂದು ಕೇಳಿದರೆ, "ಬೈಸ್ಕೊಳ್ಳೋಕೆ ಅವಸರ ಏನು?" ಎನ್ನುತ್ತಾರೆ. ನಿನ್ನೆಯ ಬಗ್ಗೆ ಅವರಿಗೆ ಹೇಳಲಿರುವುದು ಸ್ವಲ್ಪವೇ. "ಅಷ್ಟು ಜನ ಸುಮ್ನೆ ಕೂತಿದ್ದು ನೋಡಿ ಭಯ ಆಯ್ತು. ನನಗೆ ಅಭ್ಯಾಸ ಇಲ್ಲ. ಒಂದು ಹೆಸ್ರು ತಪ್ಪು ಹೇಳಿದ್ರೂ ಗೊತ್ತಾಗ್ಬಿಡ್ತಿತ್ತು." ತಪ್ಪಿತೇ? "ಇಲ್ಲ. ಒಂದೂ ಉಳ್ದಿಲ್ಲ."

ಸಾಲಿನಲ್ಲಿ ಮೊದಲು ಅಸಿಯಾಮಾ. ಬಟ್ಟಲು ಕೈಗೆ ಬಂದರೂ ಆಚೆ ಸರಿಯುವುದಿಲ್ಲ. ಗಂಜಿ ಕಲ್ಲಿನ ಮೇಲಿಟ್ಟು, ನಿಲ್ದಾಣದ ಕಡೆ ತಿರುಗಿ, ಎದೆಯುಬ್ಬಿಸಿ ಒಂದೇ ಉಸಿರಿನಲ್ಲಿ ಕೂಗುತ್ತಾರೆ: "ಯಾ ಡುಫಿಯೆ ಈ ಊರಿನೋರು ನಲವತ್ತೊಂದು ಗುರುವಾರದ ಗಂಜಿ ನಿಮ್ಮ ಕೈ ಕಂಡ್ವಿ!"

ಟೈರ್ ಅಂಗಡಿಯವರು ತಲೆ ಎತ್ತುತ್ತಾರೆ. ವ್ಯಾನಿನ ಕಿಟಕಿಗಳಿಂದ ಮುಖಗಳು ಇಣುಕುತ್ತವೆ. ಮಾಮೆ ಸೌಟನ್ನು ಹಂಡೆಯ ಅಂಚಿಗೆ ಒರಗಿಸಿ ಅಸಿಯಾಮಾ ಅವರನ್ನೇ ನೋಡುತ್ತಾರೆ. ಆಮೇಲೆ, ಪಕ್ಕದಲ್ಲಿದ್ದವರಿಗಷ್ಟೇ ಕೇಳಿಸುವ ದನಿಯಲ್ಲಿ, "ಹಂಗಲ್ಲಪ್ಪ ಕೂಗೋದು" ಎನ್ನುತ್ತಾರೆ. "ಹೆಸ್ರು ಹೇಳಿದ್ಮೇಲೆ ಒಂದು ಉಸಿರು ನಿಲ್ಲಿಸ್ಬೇಕು."

ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ.

"ಇನ್ನೊಂದ್ಸಲ ಕೂಗು."